ತೊಟ್ಟಿಲ ಗಂಟು

ಭಾಲ್ಕಿ, ಸೋಮವಾರ

ಅಪ್ಪಾ, ಶರಣು.

ಜಾತಿ ಬಿಟ್ಟು ಮದುವೆಯಾದೆನೆಂದು ನೀವು ಮಾತು ಬಿಟ್ಟಿರಿ. ಚೊಚ್ಚಲ ಹೆರಿಗೆಗೆ ತವರಿಗೆ ಕರೆಯಿರಿ ಎಂದು ನಾನೂ ಕೇಳುವುದಿಲ್ಲ. ದಿನ ತುಂಬಿವೆ. ಬಾಣಂತಿ ಕೋಣೆಯಲ್ಲಿ ಗುಡಿಸಿದ್ದನ್ನೇ ಗುಡಿಸುತ್ತಿದ್ದೇನೆ. ಕೂಸಿಗೆ ಹೊದಿಸಲು ಅವ್ವನ ಹಳೆಯ ಸೀರೆಯೊಂದನ್ನು ಬಸ್ಸಿನಲ್ಲಿ ಕಳಿಸಿರಿ.

ನಿನ್ನೆ ನಿಮ್ಮ ಅಳಿಯ ಪರಾಗ ಅವಸರಪಟ್ಟು ತೊಟ್ಟಿಲು ಕಟ್ಟಿಬಿಟ್ಟಿದ್ದರು. ಕೂಸು ಬರುವ ಮೊದಲು ಖಾಲಿ ತೊಟ್ಟಿಲು ತೂಗಬಾರದೆಂದು ಬಿಚ್ಚಲು ಹೋದೆ. ಕೈ ತಾಗಿದ್ದೇ ತಡ, ಗಂಟು ಜಾರಿ ತೊಟ್ಟಿಲು ನೆಲಕ್ಕೆ ಬಿತ್ತು. "ಆಮ್ಯಾಲ ಬಿಗಿ ಕಟ್ತೇನಿ, ನೀ ಸುಮ್ಮ ಕೂಡು" ಎನ್ನುತ್ತಾರೆ. ನನಗೆ ಕೂಡಲು ಆಗುತ್ತಿಲ್ಲ.

ನನ್ನ ತೊಟ್ಟಿಲಿಗೆ ನೀವು ಹಾಕಿದ್ದ ಗಂಟನ್ನು ಹೇಗೆ ಹಾಕುವುದೆಂದು ಬರೆದು ಕಳಿಸಿರಿ. ಬರೆದು ತಿಳಿಸಲು ಬಾರದಿದ್ದರೆ, ನಮ್ಮೂರು ಖಟಕ ಚಿಂಚೋಳಿಯಿಂದ ಇಲ್ಲಿಗೆ ಬೆಳಿಗ್ಗೆ ಬಸ್ಸಿದೆ.

ನಿಮ್ಮ ಮಗಳು,
ಈಶ್ವರಿ