ಹೇಳಿದವರು: ಜಟ್ಟೆಮ್ಮ

ಬೈಯಪ್ಪನಹಳ್ಳಿ, ಬೆಂಗಳೂರು
ಭಾನುವಾರ, ಮಧ್ಯಾಹ್ನ

ನನ್ನ ಮಗಳು ಶಾಂಭವಿಗೆ,

ನಿನ್ನ ಅವ್ವ ಮಾಡುವ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮೊಣಕಾಲು ನೋವು ಇದ್ದ ಹಾಗೇ ಇದೆ. ಎಣ್ಣೆ ತಿಕ್ಕಿಕೋ ಅಂದರೆ ಕೇಳುವುದಿಲ್ಲ, ಮೆಟ್ಟಿಲು ಹತ್ತುವಾಗ ಮಾತ್ರ ನನ್ನ ಮೇಲೆ ಸಿಡುಕುತ್ತಾನೆ. ನಿನ್ನ ನರ್ಸಿಂಗ್ ಪರೀಕ್ಷೆ ಹತ್ತಿರ ಬಂತು ಅಂದೆಯಲ್ಲ, ನಿದ್ದೆಗೆಟ್ಟು ಓದಬೇಡ.

ಈ ಕಾಗದ ಬರೆಯಲು ತಡವಾಯಿತು. ನೀನು ಫೋನ್ ಮಾಡಿದಾಗೆಲ್ಲ ಹೂಂ, ಹಾಂ ಅಂದು ಇಟ್ಟುಬಿಟ್ಟೆ. ಅವ್ವಾ ಆರಾಮಿಲ್ಲೇನು ಅಂತ ನೀನು ಕೇಳಿದೆ. ಆರಾಮಾಗಿಯೇ ಇದ್ದೇನೆ, ಸಿಟ್ಟು ಬಂದಿದೆ ಅಷ್ಟೆ. ಇಳಿದ ಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯುವ ಹಾಗೆ ಕಾಣಲಿಲ್ಲ. ಅಕ್ಷರ ದಪ್ಪಗೆ ಬಿದ್ದಿದ್ದರೆ ಅದು ಪೆನ್ನಿನ ತಪ್ಪಲ್ಲ. ನಿನಗೆ ನಾನು ಬರೆಯುತ್ತಿರುವ ಮೊದಲನೇ ಕಾಗದ ಇದು. ಹಾಸ್ಟೆಲಿನ ಗೆಳತಿಯರಿಗೆ ತೋರಿಸುವ ಮೊದಲು ನೀನೊಬ್ಬಳೇ ಕೂತು ಪೂರ್ತಿ ಓದು.

ನಾನು ಮೆಟ್ರೋ ಸ್ಟೇಷನ್ನಿನ ಕಸದ ಡ್ಯೂಟಿ ಮುಗಿಸಿ ಸುಭದ್ರಮ್ಮನವರ ಹತ್ತಿರ ಅಕ್ಷರ ಕಲಿಯಲು ಹೋಗುತ್ತಿದ್ದದ್ದು ನಿನಗೆ ಗೊತ್ತು. ಬಸ್ಸಿನ ಬೋರ್ಡು ಓದುವಷ್ಟಕ್ಕೆ ನಿಂತಿರಬೇಕು ಎಂದುಕೊಂಡಿರುತ್ತೀಯ. ನಿಂತಿರಲಿಲ್ಲ. ಸುಭದ್ರಮ್ಮ ಅಂಗನವಾಡಿಯಲ್ಲಿ ಮಕ್ಕಳನ್ನು ಪಳಗಿಸಿ ರಿಟೈರ್ ಆದವರು, ನಮ್ಮನ್ನೂ ಹಾಗೇ ಗದರಿಸುತ್ತಾರೆ. ನಾನು ದಿನಾ ಅವರ ಮುಂದೆ ಕೂತು ನಮ್ಮ ಮನೆ ಮಾಲೀಕನನ್ನು ಬೈಯುತ್ತಿದ್ದೆ. ಒಂದು ಸಂಜೆ ಅವರಿಗೆ ಬೇಸರ ಬಂದು, ನನ್ ಕಿವಿ ಯಾಕಮ್ಮ ತಿಂತೀಯ, ಹೋಗಿ ಬರಿ ಅಂದರು. ಬರೆದೆ. ಕೊನೆಗೆ ಹೆಸರು ಹಾಕದೆ ತೋರಿಸಿದ್ದಕ್ಕೆ, ಬೇವಾರಸಿ ಬಿಡಬೇಡ, ಯಾರ್ ಬರ್ದಿದ್ದು ಅಂತ ಹಾಕು ಎಂದು ಬೈದರು.

ಬರೆದದ್ದು ರೊಟ್ಟಿಯ ಸಂಗತಿ. ಕೆಳಗಿನ ಮನೆಯಲ್ಲಿರುವ ಮಾಲೀಕ ಮುನಿಶಾಮಿ ನಿನಗೆ ನೆನಪಿರಬೇಕು. ಇದೆಲ್ಲ ಹಳ್ಳಿಯಾಗಿದ್ದಾಗಿನಿಂದ ಇಲ್ಲಿರುವ ಮನೆತನ, ಅವರ ತಂದೆ ರಾಗಿ ಬೆಳೆದ ಹೊಲದಲ್ಲಿ ಈಗ ನಮ್ಮಂಥವರ ಬಾಡಿಗೆ ಕೋಣೆಗಳಿವೆ. ನಾನು ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ರೊಟ್ಟಿ ಬಡಿದರೆ ಅವರ ನಿದ್ದೆ ಕೆಡುತ್ತದಂತೆ. ದಿನಾ ಬೆಳಗಾದ್ರೆ ತಮಟೆ ಬಾರಿಸ್ತೀಯಲ್ಲಮ್ಮ, ಚಪಾತಿ ಮಾಡ್ಕೋಬಾರ್ದಾ ಅಂದರು. ಬಾಡಿಗೆಗೆ ಬಿಡುವಾಗ ಇವರು ಜೋಳ ತಿನ್ನುವ ಜನ ಎಂದು ಗೊತ್ತಿರಲಿಲ್ಲವೇ? ಆದರೂ ನಿಮ್ಮಪ್ಪ ಜಗಳ ಬೇಡ ಅಂದದ್ದಕ್ಕೆ ರೊಟ್ಟಿ ಬಡಿಯುವ ಕಲ್ಲಿನ ಕೆಳಗೆ ಗೋಣಿಚೀಲ ಮಡಿಸಿ ಹಾಕಿ, ಕಳ್ಳತನ ಮಾಡುವವಳ ಹಾಗೆ ಮೆಲ್ಲಗೆ ಬಡಿದೆ. ರೊಟ್ಟಿ ದಪ್ಪವಾಯಿತು, ಅಂಚು ಬಿರುಕು ಬಿಟ್ಟಿತು. ಹೀಗೇ ಸ್ವಲ್ಪ ದಿನ ತಿಂದು, ಒಂದು ಬೆಳಿಗ್ಗೆ ಗೋಣಿಚೀಲ ಕಿತ್ತೆಸೆದು ಓಣಿಗೆಲ್ಲ ಕೇಳುವ ಹಾಗೆ ಬಡಿದೆ. ಇದನ್ನೇ ಬರೆದದ್ದು, ಮುನಿಶಾಮಿಗೆ ಬೈಯಬೇಕಾದಲ್ಲಿ ಬೈದು.

ಅದನ್ನು ಓದಿ ಸುಭದ್ರಮ್ಮನೇ ನನ್ನನ್ನು ಇಂದಿರಾನಗರಕ್ಕೆ ಕಳಿಸಿದರು. ಅಲ್ಲಿ ಭವ್ಯ ಎನ್ನುವವರು ತಮ್ಮ ಮನೆಯ ಮಹಡಿಯಲ್ಲಿ ಶನಿವಾರ ಶನಿವಾರ ಬರೆಯುವವರನ್ನು ಸೇರಿಸುತ್ತಾರೆ. ಕಾಲೇಜು ಕಲಿತವರೂ ಬರುತ್ತಾರೆ, ನಮ್ಮಂಥ ಕೆಲಸದ ಹೆಂಗಸರನ್ನೂ ಕರೆಯುತ್ತಾರೆ. ಭವ್ಯ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರ ಕಪ್ಪಿನಲ್ಲೇ ನನಗೂ ಚಹಾ ಕೊಟ್ಟರು, ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು. ನಾನು ಓದಿದಾಗ ಕಣ್ಣು ಒರೆಸಿಕೊಂಡರು. ನಾನು ಬೈಯುತ್ತಿದ್ದರೆ ಇವರು ಯಾಕೆ ಅಳುತ್ತಿದ್ದಾರೆ ಎಂದು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ.

ಎಲ್ಲರ ಬರಹ ಸೇರಿಸಿ ಪುಸ್ತಕ ಮಾಡುತ್ತೇವೆ ಎಂದು ನನ್ನ ಹಾಳೆಗಳನ್ನೂ ತೆಗೆದುಕೊಂಡರು. ಒಂದು ಶನಿವಾರ ಮಸಿಯ ಡಬ್ಬಿ ತಂದಿಟ್ಟು, ಹೆಬ್ಬೆಟ್ಟು ಒತ್ತಿ ಜಟ್ಟೆಮ್ಮ, ಡಿಸೈನ್‌ಗೆ ಬೇಕು ಅಂದರು. ಎಲ್ಲರದೂ ಹಾಕುತ್ತಿರಬೇಕು ಎಂದುಕೊಂಡು ಒತ್ತಿದೆ. ಹಾಜರಿ ಯಂತ್ರಕ್ಕೆ ದಿನಾ ಬೆರಳು ಕೊಡುತ್ತೇನೆ, ನಮ್ಮ ಸಾಹೇಬರೂ ಕೊಡುತ್ತಾರೆ. ಅದರಲ್ಲಿ ಅವಮಾನ ಇಲ್ಲ.

ಪುಸ್ತಕ ಬಿಡುಗಡೆ ಹಲಸೂರು ಕೆರೆಯ ಹತ್ತಿರದ ಒಂದು ಹಾಲಿನಲ್ಲಿ ಆಯಿತು. ನಾನು ರಜೆ ಹಾಕಿ, ನಿನ್ನ ಹಸಿರು ಸೀರೆ ಉಟ್ಟು ಹೋದೆ. ಪುಸ್ತಕ ಕೈಗೆ ಬಂದ ಕೂಡಲೇ ನನ್ನ ಪುಟ ಹುಡುಕಿದೆ. ಮೇಲೆ ಅಚ್ಚಾಗಿತ್ತು: ಹೇಳಿದವರು ಜಟ್ಟೆಮ್ಮ, ಬರಹಕ್ಕಿಳಿಸಿದವರು ಭವ್ಯ. ಹೆಸರಿನ ಪಕ್ಕ ನನ್ನ ಹೆಬ್ಬೆಟ್ಟು. ಪುಟ ತಿರುವಿದೆ. ಕಾಲೇಜು ಕಲಿತವರ ಹೆಸರಿನ ಪಕ್ಕ ಅವರವರ ಸಹಿ, ಕೆಲಸದ ಹೆಂಗಸರ ಹೆಸರಿನ ಪಕ್ಕ ಮಾತ್ರ ಹೆಬ್ಬೆಟ್ಟು. ಯಾರಿಗೂ ಇದು ತಪ್ಪು ಅನ್ನಿಸಿರಲಿಲ್ಲ, ಚೆಂದ ಬಂದಿದೆ ಅಂತಿದ್ದರು.

ಶಾಂಭವಿ, ನಿನ್ನನ್ನು ಊರಿನ ಶಾಲೆಗೆ ಸೇರಿಸಿದ ದಿನ ನಾನು ಹೆಬ್ಬೆಟ್ಟು ಒತ್ತಿದ್ದೆ. ಮಸಿ ಒರೆಸಿಕೊಳ್ಳಲು ಏನೂ ಸಿಗದೆ ಆಫೀಸಿನ ಗೋಡೆಗೆ ಒರೆಸಿದೆ. ಆ ಗೋಡೆಯ ತುಂಬ ನನ್ನಂಥವರು ಒರೆಸಿದ ಮಸಿಯೇ ಇತ್ತು. ಆ ಗೋಡೆ ನೋಡಿ ಬಂದ ಸಂಕಟಕ್ಕೇ ಈ ವಯಸ್ಸಿನಲ್ಲಿ ಕೂತು ಅ ಆ ತಿದ್ದಿದ್ದು. ಅದೇ ಹೆಬ್ಬೆಟ್ಟನ್ನು ಇವರು ಅಲಂಕಾರಕ್ಕೆ ಹಾಕಿಕೊಂಡಿದ್ದಾರೆ.

ಒಳಗೆ ಇನ್ನೂ ಕೆಟ್ಟದ್ದಿತ್ತು. ನಾನು ರೊಟ್ಟಿ ಬಡಿಯುತ್ತಾ ಅಳುತ್ತೇನಂತೆ. ಕೈ ನಡುಗುತ್ತದಂತೆ, ಕಣ್ಣೀರು ಹಿಟ್ಟಿಗೆ ಬೀಳುತ್ತದಂತೆ. ಕುದಿಯುವ ನೀರು ಹಾಕಿದ ಹಿಟ್ಟನ್ನು ಬಿಸಿ ಆರುವ ಮೊದಲು ನಾದಬೇಕು, ಆಮೇಲೆ ಬಸ್ಸು ಹಿಡಿಯಬೇಕು. ಅದರ ನಡುವೆ ಅಳುವುದಕ್ಕೆ ಪುರುಸೊತ್ತಾದರೂ ಎಲ್ಲಿ? ಬೈಗುಳ ಒಂದೂ ಉಳಿದಿರಲಿಲ್ಲ. ಗೋಣಿಚೀಲ ಕಿತ್ತೆಸೆದದ್ದೂ ಇರಲಿಲ್ಲ. ಕೊನೆಗೆ ನಾನು ಮೂಲೆಯಲ್ಲಿ ಕೂತು ಊರಿನ ದಾರಿ ನೆನೆಸಿಕೊಳ್ಳುತ್ತೇನೆ. ಪಕ್ಕದಲ್ಲಿ ಶೀಬಾ ಕೂತಿದ್ದಳು, ರಸೆಲ್ ಮಾರುಕಟ್ಟೆಯಲ್ಲಿ ಹೂವು ಮಾರುವವಳು. ಪೊಲೀಸರನ್ನೇ ಬೈದು ಓಡಿಸುವ ಹೆಂಗಸು. ಪುಸ್ತಕದಲ್ಲಿ ಅವಳನ್ನೂ ನನ್ನ ಹಾಗೇ ಅಳಿಸಿದ್ದರು.

ವೇದಿಕೆಗೆ ಕರೆದರು. ಭವ್ಯ ಓದುತ್ತಾರೆ, ನಾನು ಪಕ್ಕದಲ್ಲಿ ನಿಂತು ನಾಲ್ಕು ಮಾತಾಡಬೇಕು. ನಾನು ವೇದಿಕೆಯ ಕಡೆ ಹೋಗಲಿಲ್ಲ. ಮಾರಲು ಪುಸ್ತಕ ಜೋಡಿಸಿಟ್ಟಿದ್ದ ಮೇಜಿಗೆ ಹೋಗಿ ಕೂತೆ. ಚೀಲದಿಂದ ಪೆನ್ನು ತೆಗೆದೆ. ಒಂದೊಂದೇ ಪುಸ್ತಕ ಬಿಡಿಸಿ, ನನ್ನ ಪುಟದಲ್ಲಿ ‘ಹೇಳಿದವರು’ ಅನ್ನುವುದಕ್ಕೆ ಗೀಟು ಎಳೆದು ‘ಬರೆದವರು’ ಎಂದು ಬರೆದು, ಹೆಬ್ಬೆಟ್ಟಿನ ಮೇಲೆ ನನ್ನ ಸಹಿ ಹಾಕುತ್ತಾ ಹೋದೆ. ಶೀಬಾ ಎದ್ದು ಬಂದು ಎದುರಿಗೆ ನಿಂತಳು. ಬೈಯುತ್ತಾಳೇನೋ ಅಂದುಕೊಂಡೆ. ಅಕ್ಕಾ, ಇನ್ನೊಂದ್ ಪೆನ್ ಇದ್ಯಾ ಅಂತ ಕೇಳಿದಳು.

ಭವ್ಯ ಓಡಿ ಬಂದರು. ಜನರ ಮುಂದೆ ಅವರ ಮುಖ ಕೆಂಪಾಗಿತ್ತು. ಪುಸ್ತಕ ಹಾಳಾಗುತ್ತೆ ಅಂದರು, ಕೂತು ಮಾತಾಡೋಣ ಅಂದರು. ನನ್ನ ಕೈಬರಹದ ಹಾಳೆ ನಿಮ್ಮ ಹತ್ತಿರವೇ ಇದೆಯಲ್ಲ, ಹೇಳಿದ್ದು ಅಂತ ಯಾಕೆ ಹಾಕಿದಿರಿ ಎಂದು ಕೇಳಿದೆ.

“ನೀವೇ ಬರ್ದಿದ್ದು ಅಂದ್ರೆ ಓದೋರು ನಂಬಲ್ಲ ಜಟ್ಟೆಮ್ಮ. ಹೀಗಿದ್ರೆ ಮನಸ್ಸಿಗೆ ತಟ್ಟುತ್ತೆ,” ಅಂದರು.

“ನಾನು ಬರದಿದ್ದು ನಂಬಂಗಿಲ್ಲ, ನಾನು ಅತ್ತಿದ್ದು ನಂಬತಾರೇನ್ರಿ?” ಅಂದೆ.

ಅವರು ಮೇಜಿನ ಮೇಲಿನ ಪುಸ್ತಕಗಳನ್ನು ತಮ್ಮ ಕಡೆ ಎಳೆದುಕೊಂಡು, ಅಚ್ಚಿಗೆ ಕೊಡೋ ಮುಂಚೆ ಕೇಳೇ ಹಾಕಿದ್ದು ಅಂದರು. ಯಾರನ್ನು ಕೇಳಿದಿರಿ ಅಂದೆ. ಅದಕ್ಕೆ ಅವರು ಹೇಳಿದ್ದನ್ನು ಕೆಳಗೆ ಬರೆಯುತ್ತೇನೆ.

ನಿಮ್ಮಪ್ಪನಿಗೆ ಹೇಳಿದರೆ, ಇದೆಲ್ಲ ನಿನಗ್ಯಾಕ ಬೇಕಿತ್ತು ಅಂದ. ರಾತ್ರಿ ಮಾತ್ರ ನನ್ನ ಪುಟವನ್ನು ಓದಿಸಿಕೊಂಡ. ಅಚ್ಚಿನದು ಬೇಡ, ನೀ ಬರದಿದ್ದು ಓದು ಅಂದ. ಸುಭದ್ರಮ್ಮನವರ ಹತ್ತಿರ ನಕಲು ಇತ್ತು, ತಂದು ಓದಿದೆ. ಗೋಣಿಚೀಲ ಎಸೆದ ಜಾಗ ಬಂದಾಗ ಜೋರಾಗಿ ನಕ್ಕ. ಮುನಿಶಾಮಿಗೆ ಕೇಳಿಸಿರಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು. ಪರೀಕ್ಷೆ ಚೆನ್ನಾಗಿ ಬರೆ. ನೀನು ಓದಿ ದೊಡ್ಡವಳಾಗಬೇಕು ಅನ್ನುವುದು ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ. ದೇವರು ನಿನ್ನನ್ನು ತಣ್ಣಗಿಡಲಿ.

ನಿನ್ನ ಅವ್ವ,
ಜಟ್ಟೆಮ್ಮ ಮಾನಪ್ಪ

ತಾ.ಕ.: ಮರೆತು ಈಗ ನೆನಪಾಯಿತು ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ನನ್ನ ಬಟನ್ ಫೋನಿಗೆ ಉದ್ದದ ಬರಹವೆಲ್ಲ ಬರುವುದಿಲ್ಲ ಎಂದು ಭವ್ಯ ಅವರಿಗೆ ನಿನ್ನ ನಂಬರು ಕೊಟ್ಟಿದ್ದೆ. ಅವರು ತಿದ್ದಿದ ಬರಹ ನಿನಗೇ ಬಂದಿತ್ತು. ಆಮೇಲೆ ನಾವು ಎಷ್ಟು ಸಲ ಮಾತಾಡಿದೆವು, ನೀನು ಬಾಯಿ ಬಿಡಲಿಲ್ಲ. ಆ ದಿನ ಮೇಜಿನ ಹತ್ತಿರ ಭವ್ಯ ಫೋನ್ ತೆಗೆದು, ನಿಮ್ ಮಗಳು ಏನ್ ಹೇಳಿದ್ದಾರೆ ಓದ್ತೀನಿ ಕೇಳಿ ಅಂದರು. ಬೇಡ ಅಂದು ನಾನೇ ಕೈಗೆ ತೆಗೆದುಕೊಂಡೆ. “ಹಂಗೇ ಹಾಕ್ರಿ ಮೇಡಂ, ಛಲೋ ಆಗ್ಯದ. ಅವ್ವಗ ತಿಳಿಯಂಗಿಲ್ಲ” ಎಂದಿತ್ತು. ಒಂದೊಂದೇ ಅಕ್ಷರ ಕೂಡಿಸಿ ಓದಬೇಕಾಗಲಿಲ್ಲ, ಒಂದೇ ಸಲಕ್ಕೆ ಓದಿಬಿಟ್ಟೆ. ನನಗೆ ಅಕ್ಷರ ಬಾರದಿದ್ದರೆ ಭವ್ಯ ಕೊನೆಯ ಮಾತು ಬಿಟ್ಟು ಓದಿ ಹೇಳುತ್ತಿದ್ದರು, ನಾನು ನಂಬಿ ಮನೆಗೆ ಬರುತ್ತಿದ್ದೆ. ಅವರು ಬರೆದದ್ದಕ್ಕೆ ಗೀಟು ಎಳೆದೆ. ನೀನು ಬರೆದದ್ದಕ್ಕೆ ಎಲ್ಲಿ ಗೀಟು ಎಳೆಯಲಿ? ಈ ಕಾಗದ ಮುಟ್ಟಿದ ಮೇಲೆ ಫೋನ್ ಮಾಡಬೇಡ. ಏನಿದ್ದರೂ ಬರೆದು ಕಳಿಸು. ನಾನು ಓದುತ್ತೇನೆ.