ಅವ್ವ ಬರೆದ ಬದಿ

ಏಪ್ರಿಲ್ 9

ಚಹಾ, ಡಬ್ಬಿ, ಲೋಕಲ್ ರೈಲು. ಗೋರೆಗಾಂವ್‌ನಿಂದ ನಿಂತೇ ಬಂದೆ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ದಾದರ್‌ನಲ್ಲಿ ಇಳಿದೆ. ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕುಗಳನ್ನು ಇಲ್ಲಿಯ ಸಂಗ್ರಹಾಲಯಕ್ಕೆ ಕೊಟ್ಟಿದ್ದೆ. ಇವತ್ತು ನೋಡಿದರೆ ಪೆಟ್ಟಿಗೆಯ ಮೇಲೆ ಲೇಬಲ್— ‘ಕಾರ್ಮಿಕ ನಾಯಕ ಸೋಮನಾಥರ ಕಾಗದಪತ್ರ’. ಅಪ್ಪನ ಹೆಸರು! ಒಳಗಿನದನ್ನು ಬರೆದವಳು ಅವ್ವ, ಭುವನೇಶ್ವರಿ. ಮೈ ಉರಿದುಹೋಯಿತು.

ಸಂಗ್ರಹಾಲಯ ನೋಡಿಕೊಳ್ಳುವ ಶ್ರೀಶೈಲ ನಕ್ಕ.

“ಅಕ್ಕಾರ, ಎಲ್ಲಾ ಯೂನಿಯನ್ ಹ್ಯಾಂಡ್‌ಬಿಲ್ ಅದಾವ್ರಿ. ಸ್ಕ್ಯಾನೂ ಆಗೇದ.”

“ಹಿಂದಿನ ಬದಿ?”

“ಅದು ರಫ್ ಅಲ್ರೀ?”

ರಫ್ ಅಂತೆ! ಅಪ್ಪನ ಮೆರವಣಿಗೆ ಮುಗಿದ ಮೇಲೆ ಉಳಿದ ಹ್ಯಾಂಡ್‌ಬಿಲ್‌ಗಳೇ ಅವ್ವನ ಕಾಗದ. ಮುಂದೆ ಯೂನಿಯನ್ನಿನ ಘೋಷಣೆ, ಹಿಂದೆ ಇವಳ ಜಗಳ— ಮೆರವಣಿಗೆಗೆ ಹೆಂಗಸರು ಬೇಕು, ಮೀಟಿಂಗಿಗೆ ಯಾಕೆ ಬೇಡ? ಅಚ್ಚಾಗದ ಒಂದು ಇಡೀ ಪುಸ್ತಕ ಆ ಹಿಂಬದಿಯಲ್ಲಿದೆ. ಬೇರೆ ಪ್ರತಿ ಇಲ್ಲ.

ಏಪ್ರಿಲ್ 12

ಲೇಬಲ್ ಬದಲಿಸಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಎಂದು ಇಮೇಲ್ ಹಾಕಿದೆ. ಉತ್ತರವಿಲ್ಲ. ಫೋನ್ ಮಾಡಿದರೆ ಶ್ರೀಶೈಲ “ನೋಡ್ತೇವ್ರಿ” ಅಂದ. ನೋಡುವುದಿಲ್ಲ, ಗೊತ್ತು.

ಏಪ್ರಿಲ್ 28

ಆಫೀಸಿನಲ್ಲಿ ಆಡಿಟ್. ತಲೆ ಎತ್ತಲಾಗಲಿಲ್ಲ. ಇವತ್ತು ವಾಟ್ಸಾಪ್‌ಗೆ ಆಮಂತ್ರಣ ಬಂತು— ಮೇ 1, ಸೋಮನಾಥರ ಹ್ಯಾಂಡ್‌ಬಿಲ್ ಪ್ರದರ್ಶನ. ನಾಚಿಕೆಗೆಟ್ಟವರು!

ಪಾರ್ಲೆಯ ಚನ್ನವ್ವ ಚಿಗವ್ವನಿಗೆ ಹೇಳಿದೆ. ಅವ್ವನ ತಂಗಿ, ಅವ್ವನಿಗಿಂತ ಬಾಯಿ ಜೋರು.

“ನಿಮ್ಮಪ್ಪ ಭಾಷಣ ಮಾಡಾಂವ, ಬರಿಯಾಕಿ ನಮ್ಮಕ್ಕ. ನಡಿ, ನಾನೂ ಬರ್ತೀನಿ.”

ಮೇ 1

ಸಿಟ್ಟು ಇನ್ನೂ ಇಳಿದಿಲ್ಲ.

ಹ್ಯಾಂಡ್‌ಬಿಲ್‌ಗಳನ್ನೆಲ್ಲ ಬೋರ್ಡಿಗೆ ಅಂಟಿಸಿಬಿಟ್ಟಿದ್ದಾರೆ. ಗೋಂದು ಹಚ್ಚಿ! ಅವ್ವನ ಅಕ್ಷರದ ಮೇಲೇ ಗೋಂದು. ಸ್ಕ್ಯಾನ್ ಆಗಿದೆಯಲ್ಲ, ಇನ್ನೇನು ಎಂಬ ಧೈರ್ಯ. ಎದುರಿಗೆ ಅಪ್ಪನ ಫೋಟೋಕ್ಕೆ ಹಾರ, ಮುಂದಿನ ಸಾಲಿನಲ್ಲಿ ಪುಢಾರಿಗಳು.

ಒಂದರ ಮೂಲೆಗೆ ಉಗುರು ಹಾಕಿದೆ.

“ಅಕ್ಕಾರ, ಹರೀತೈತ್ರೀ!” ಶ್ರೀಶೈಲ ಓಡಿ ಬಂದ. ಚಿಗವ್ವ ಸೆರಗು ಸಿಕ್ಕಿಸಿ ಅಡ್ಡ ನಿಂತಳು.

“ಕೀಳಽ ನೀ. ಯಾರ್ ಬರ್ತಾರ ನೋಡ್ತೀನಿ.”

ಕಿತ್ತೆ. ಅರ್ಧದಷ್ಟು ಅಕ್ಷರಗಳು ಬೋರ್ಡಿಗೇ ಅಂಟಿಕೊಂಡು ಉಳಿದವು. ಮಿಕ್ಕ ಹಾಳೆಗಳನ್ನು ನಾಳೆ ನೀರು ಹಾಕಿ ನೆನೆಸಿ ಬಿಡಿಸಬೇಕಂತೆ. ಮಸಿ ಕರಗಿದರೆ?

ಈ ಒಂದನ್ನು ಮನೆಗೆ ತಂದಿದ್ದೇನೆ. ಇಲ್ಲೇ ಇಟ್ಟು ಹೋಗು ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಗೋಂದು ತಿಂದು ಬಿಟ್ಟಷ್ಟನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ. ಅವ್ವ ಬರೆದದ್ದು:

‘ಮೀಟಿಂಗಿನ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನನ್ನನ್ನು ತಡೆದವನು ಪೊಲೀಸನಲ್ಲ, ಮಾಲೀಕನಲ್ಲ, ನನ್ನ ಗಂ’— ಮುಂದಿನದು ಬೋರ್ಡಿಗೇ ಅಂಟಿ ಉಳಿದಿದೆ.