ಸ್ತೂಪಕ್ಕೆ ಬಾಗಿಲು ಕೊರೆಸಿದವರಿಗೆ

ಸ್ಮಾರಕಗಳನ್ನು ಕಾಯಲೆಂದು ನೇಮಕಗೊಂಡ ಮಾನ್ಯ ಅಧಿಕಾರಿಗಳೇ,

ನಮ್ಮೂರಿನ ಸ್ತೂಪಕ್ಕೆ ತಾವು ಬಾಗಿಲು ಕೊರೆಸಿದ್ದೀರಿ, ಒಳಗಿದ್ದ ಬೂದಿಯನ್ನು ಗೊಬ್ಬರ ಮಾಡಿಸಿದ್ದೀರಿ. ದೂರು ಇಷ್ಟೇ. ಉಳಿದದ್ದು ತಮ್ಮ ತಿಳಿವಳಿಕೆಗಾಗಿ. ಅದರ ಕೊರತೆ ಇಲಾಖೆಯಲ್ಲಿ ಎದ್ದು ಕಾಣುತ್ತಿದೆ.

ಪರಿಶೀಲನೆಗೆ ಬಂದ ದಿನ ತಾವು ಸ್ತೂಪವನ್ನು ಒಂದು ಸುತ್ತು ಹಾಕಿ, "ಇದಕ್ಕೆ ಬಾಗಿಲೇ ಇಲ್ವಲ್ರೀ, ಜನ ಒಳಗೆ ಹೋಗೋದು ಹೇಗೆ?" ಎಂದು ಕೇಳಿದಿರಂತೆ. ಕೈಕೆಳಗಿನವರು ತಲೆಯಾಡಿಸಿದರು, ಅವರಿಗೆ ಸಂಬಳ ಬರುವುದೇ ಅದಕ್ಕೆ. ಮಾನ್ಯರೇ, ಸ್ತೂಪ ಮನೆಯಲ್ಲ, ಗೋದಾಮಲ್ಲ, ತಮ್ಮ ಅತಿಥಿಗೃಹವೂ ಅಲ್ಲ. ಬುದ್ಧನದೋ ಯಾವ ಭಿಕ್ಷುವಿನದೋ ಹಿಡಿ ಬೂದಿಯನ್ನು, ಚೂರು ಮೂಳೆಯನ್ನು ನಡುವೆ ಇಟ್ಟು, ಸುತ್ತ ಮಣ್ಣು ಇಟ್ಟಿಗೆ ತುಂಬಿ ಮುಚ್ಚಿದ ದಿಬ್ಬ ಅದು. ಇರುವುದು ಒಳಗೆ ಹೋಗುವುದಕ್ಕಲ್ಲ, ಸುತ್ತುವುದಕ್ಕೆ. ಎಂಥ ದೊಡ್ಡವರೂ ಕೊನೆಗೆ ಇಷ್ಟೇ ಎಂದು ನಡೆಯುತ್ತಾ ನಡೆಯುತ್ತಾ ಒಪ್ಪಿಕೊಳ್ಳುವುದಕ್ಕೆ. ದೊಡ್ಡ ಹುದ್ದೆಯಲ್ಲಿರುವವರಿಗೆ ಇದು ಅರ್ಥವಾಗದಿರುವುದು ಸಹಜ.

ನನ್ನ ಅಣ್ಣ ಹಡಗಿನ ಕೆಲಸಕ್ಕೆ ಹೋಗಿ ಸಮುದ್ರದಲ್ಲೇ ಉಳಿದ. ಸುಡಲು ದೇಹವೂ ಸಿಗಲಿಲ್ಲ. ಅಂದಿನಿಂದ ಅಮ್ಮ ದಿನಾ ಬೆಳಿಗ್ಗೆ ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತಿದ್ದಳು. ಯಾಕಮ್ಮ ಎಂದರೆ, "ಯಾರದಾದ್ರೂ ಆಗ್ಲಿ, ಬೂದಿ ಅಂತ ಒಂದು ಇದೆಯಲ್ಲ" ಅನ್ನುತ್ತಿದ್ದಳು.

ಬಾಗಿಲಿನ ಉದ್ಘಾಟನೆಗೆ, ಕೊರೆಯುವಾಗ ಸಿಕ್ಕ, ಆ ಬೂದಿಯಿದ್ದ ಪುಟ್ಟ ಕಂಚಿನ ಭರಣಿ ಹೊಳೆಯಬೇಕೆಂದು ತಾವು ಅಪ್ಪಣೆ ಕೊಟ್ಟಿರಿ. ತೊಳೆದವನು ತಮ್ಮ ವಿಧೇಯ ಜವಾನ. ಅಮ್ಮ ಕೇಳಿದಾಗ ಹೆಮ್ಮೆಯಿಂದಲೇ ಹೇಳಿದ: "ಒಳಗಿನ ಕೊಳೆಯೆಲ್ಲ ತೆಗೆದ್ವಿ ಅಮ್ಮ. ಬೂದಿ ಅಲ್ವಾ, ಸುಮ್ನೆ ಯಾಕೆ ಚೆಲ್ಲೋದು ಅಂತ ಸಾಹೇಬ್ರು ಅವರ ರೂಮಿನ ಗುಲಾಬಿ ಕುಂಡಕ್ಕೆ ಹಾಕ್ಸಿದ್ರು." ಕಸದಿಂದ ರಸ ಎಂಬ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ಗಿಡದಲ್ಲಿ ಹೂವೂ ಚೆನ್ನಾಗಿ ಬಿಟ್ಟಿದೆಯಂತೆ, ಅಭಿನಂದನೆಗಳು.

ಅಮ್ಮ ಅಳಲಿಲ್ಲ, ಶಪಿಸಲೂ ಇಲ್ಲ. ಶಪಿಸುವ ಕೆಲಸವನ್ನು ನನಗೆ ಬಿಟ್ಟಿದ್ದಾಳೆ. ಕುಂಡ ಎಲ್ಲಿದೆ ಎಂದಷ್ಟೇ ಕೇಳಿದಳು. ಗೋಡೆಯ ಮೂಲೆಯಲ್ಲಿ, ತಮ್ಮ ಕುರ್ಚಿಯ ಹಿಂದೆ ಎಂದು ಅವನು ಹೇಳಿದ.

ಆದ್ದರಿಂದ ನಾನು ಕೇಳುತ್ತಿರುವುದು ಕ್ಷಮೆಯನ್ನಲ್ಲ, ತನಿಖೆಯನ್ನೂ ಅಲ್ಲ; ಎರಡೂ ತಮ್ಮ ಕಚೇರಿಯಲ್ಲಿ ಧಾರಾಳವಾಗಿ ಸಿಗುತ್ತವೆ. ಕುಂಡವನ್ನು ಗೋಡೆಯಿಂದ ಈಚೆಗೆ ಸರಿಸಿ, ಸುತ್ತಲೂ ಒಬ್ಬ ಮುದುಕಿ ನಡೆಯುವಷ್ಟು ಜಾಗ ಬಿಡಿ. ನಾಳೆಯಿಂದ ಅಮ್ಮ ಬರುತ್ತಾಳೆ. ತಾವು ಏಳಬೇಕಾಗಿಲ್ಲ. ಕುರ್ಚಿ ಅಡ್ಡವಿದ್ದರೆ ಅದನ್ನೂ ಸೇರಿಸಿಕೊಂಡೇ ಸುತ್ತುತ್ತಾಳೆ. ಪ್ರದಕ್ಷಿಣೆ ತಮಗೇ ಎಂದು ಉಬ್ಬಬೇಡಿ. ಒಳಗೆ ಏನೂ ಇಲ್ಲದ್ದನ್ನು ಅವಳು ಸುತ್ತುವುದಿಲ್ಲ.

ಇಂತಿ,
ಹಿಡಿ ಬೂದಿಗೂ ಗತಿಯಿಲ್ಲದೆ ಹೋದವನ ತಂಗಿ